ಮಳೆಹನಿಯ ಕಥೆ ಬರಿ, ಜೊತೆಗೆ ಮ್ಯಾಪೂ ಹಾಕು: ಇದು ಯಾವ ಸಬ್ಜೆಕ್ಟಿನ ಹೋಂವರ್ಕ್?

ಜೂನ್ ಕೊನೆಯ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಶಾಲೆಯ ಹೋಂವರ್ಕೂ ಹಿಡಿದಿರುತ್ತದೆ. ನಾಲ್ಕನೇ ಕ್ಲಾಸಿನ ಮಗು ಬ್ಯಾಗು ಒಂದು ಕಡೆ ಎಸೆದು, "ಒಂದು ಮಳೆಹನಿಯ ಕಥೆ ಬರೀಬೇಕಂತೆ, ಅದು ಹೋದ ದಾರಿಯ ಮ್ಯಾಪ್ ಬೇರೆ ಹಾಕಬೇಕಂತೆ" ಅನ್ನುತ್ತದೆ. ಅರ್ಧ ಗಂಟೆಯೊಳಗೆ ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಬೀಳುತ್ತದೆ: "ಇದು ಕನ್ನಡದ್ದಾ, ಇವಿಎಸ್‌ದಾ? ಯಾವ ನೋಟ್‌ಬುಕ್ಕಿನಲ್ಲಿ ಬರೆಸೋದು?"

ಕೇಳುವುದರಲ್ಲಿ ತಪ್ಪಿಲ್ಲ. ನಾವು ಓದುವಾಗ ಕಥೆ ಅಂದರೆ ಕನ್ನಡ ಮೇಷ್ಟ್ರು, ಮ್ಯಾಪ್ ಅಂದರೆ ಸಮಾಜದ ಮೇಷ್ಟ್ರು. ಪರಿಸರ ಅಂದರೆ ಜೂನ್ 5ಕ್ಕೆ ನೆಟ್ಟು ಆರಕ್ಕೆ ಮರೆತ ಸಸಿ. ಈಗ ಈ ಮೂರನ್ನೂ ಒಂದೇ ಹಾಳೆಯಲ್ಲಿ ಮಾಡಿಸುತ್ತಾರೆ. ಯಾಕೆ, ಹೇಗೆ ಅನ್ನುವುದನ್ನು ಬುಡದಿಂದ ನೋಡೋಣ.

ಇವಿಎಸ್ ಅಂದರೆ ಬರೀ ಗಿಡಮರ ಅಲ್ಲ

ಆರನೇ ತರಗತಿಯಿಂದ ಮಕ್ಕಳಿಗೆ ವಿಜ್ಞಾನ ಬೇರೆ, ಸಮಾಜ ವಿಜ್ಞಾನ ಬೇರೆ. ಅದಕ್ಕಿಂತ ಕೆಳಗೆ ಎರಡೂ ಸೇರಿ ಒಂದೇ ಸಬ್ಜೆಕ್ಟ್. ಅದರ ಹೆಸರು ಪರಿಸರ ಅಧ್ಯಯನ, ಎಲ್ಲರ ಬಾಯಲ್ಲಿ ಇವಿಎಸ್. ಹೆಸರಿನಲ್ಲಿ ಪರಿಸರ ಇದೆ ಅಂತ ಇದನ್ನು ಗಿಡಮರದ ಪಾಠ ಅಂದುಕೊಳ್ಳುವವರೇ ಜಾಸ್ತಿ. ಇಲ್ಲಿ ಪರಿಸರ ಅಂದರೆ ಮಗುವಿನ ಸುತ್ತಮುತ್ತ ಇರುವುದೆಲ್ಲ: ಮನೆ, ನೆಂಟರು, ಊಟ, ಬಾವಿ, ಇರುವೆ, ಬಸ್‌ಸ್ಟ್ಯಾಂಡು, ಅಂಚೆ ಕಚೇರಿ.

ಯಾಕೆ ಸೇರಿಸಿದರು? ಎಂಟು ವರ್ಷದ ಮಗುವಿಗೆ ಲೋಕ ಸಬ್ಜೆಕ್ಟುಗಳಾಗಿ ಕಾಣುವುದಿಲ್ಲ. ಕೆರೆಗೆ ಹೋದ ಹುಡುಗಿ "ಈಗ ವಿಜ್ಞಾನ" ಅಂತ ಕಪ್ಪೆ ನೋಡಿ, "ಈಗ ಭೂಗೋಳ" ಅಂತ ಏರಿ ನೋಡುವುದಿಲ್ಲ. ಅವಳಿಗೆ ಕೆರೆ ಅಂದರೆ ಎಲ್ಲವೂ ಒಟ್ಟಿಗೆ, ಹುಳಿಯಲ್ಲಿ ಬೇಳೆ, ಹುಣಸೆ, ಖಾರ ಬೆರೆತ ಹಾಗೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಐದನೇ ತರಗತಿಗೆ ಇದೇ ಕ್ರಮ ಹೇಳಿತು. ಒಂದು, ಎರಡನೇ ತರಗತಿಗೆ ಬೇರೆ ಪುಸ್ತಕವೂ ಬೇಡ, ಭಾಷೆ ಮತ್ತು ಲೆಕ್ಕದ ಪಾಠದೊಳಗೇ ಇದು ಬರಲಿ ಅಂದಿತು. ಚೌಕಟ್ಟು ಅಂದರೆ ಪಠ್ಯಪುಸ್ತಕವಲ್ಲ. ಮನೆ ಕಟ್ಟುವ ಮುಂಚೆ ಪ್ಲಾನ್ ಇರುತ್ತದಲ್ಲ, ಪುಸ್ತಕ ಬರೆಯುವವರಿಗೆ ಅಂಥದ್ದೊಂದು ಪ್ಲಾನ್. 2023ರ ಹೊಸ ಚೌಕಟ್ಟಿನಲ್ಲಿ ಸಬ್ಜೆಕ್ಟಿನ ಹೆಸರು 'ನಮ್ಮ ಸುತ್ತಲಿನ ಜಗತ್ತು' ಅಂತ ಆಯಿತು. ಹುರುಳು ಹೆಚ್ಚುಕಮ್ಮಿ ಅದೇ.

ಕರ್ನಾಟಕಕ್ಕೆ ಇದು ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕಾರ್ಡು, ಹಾಡು, ಕಥೆ ಹಿಡಿದು ಕೆಳಗೆ ಕೂತು ಕಲಿಯುವ ಕ್ರಮ ಅದು. ಕಥೆಯೊಳಗೆ ಪಾಠ ಸೇರಿಸುವುದು ನಮ್ಮ ಹಳ್ಳಿ ಶಾಲೆಯ ಮಕ್ಕಳಿಗೆ ಯಾವಾಗಲೋ ರೂಢಿಯಾಗಿದೆ.

ಒಂದೇ ಎಲೆಯ ಮೇಲೆ ಬಿದ್ದ ಅಕ್ಕ ತಂಗಿ

ಮಳೆಹನಿಯ ಕಥೆಗೆ ಹೇಳಿ ಮಾಡಿಸಿದ ಜಾಗವೊಂದು ಹಾಸನ ಜಿಲ್ಲೆಯಲ್ಲಿದೆ. ಸಕಲೇಶಪುರದ ಕಡೆಯಿಂದ ಬಿಸಿಲೆ ಘಾಟಿಗೆ ಹೋಗುವ ದಾರಿಯಲ್ಲಿ, ಮಂಕನಹಳ್ಳಿ ಹತ್ತಿರ ಒಂದು ಏಣು ಇದೆ. ಏಣು ಅಂದರೆ ಬೆಟ್ಟದ ಬೆನ್ನುಮೂಳೆ. ಅದರ ಒಂದು ಬದಿಗೆ ಬಿದ್ದ ನೀರು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ, ಇನ್ನೊಂದು ಬದಿಯದ್ದು ಬಂಗಾಳ ಕೊಲ್ಲಿಗೆ. ಮಗುವಿನ ಕಥೆ ಹೀಗೆ ಶುರುವಾಗಬಹುದು:

"ಅಕ್ಕ ತಂಗಿ ಒಂದೇ ಮೋಡದಲ್ಲಿದ್ದರು. ಒಂದೇ ಎಲೆಯ ಮೇಲೆ ಬಿದ್ದರು. ಜೋರಾಗಿ ಗಾಳಿ ಬೀಸಿತು. ಅಕ್ಕ ಆ ಕಡೆ ಜಾರಿದಳು, ತಂಗಿ ಈ ಕಡೆ ಜಾರಿದಳು. ಆಮೇಲೆ ಅವರು ಸಿಗಲೇ ಇಲ್ಲ."

ಪಶ್ಚಿಮಕ್ಕೆ ಜಾರಿದ ಅಕ್ಕ ಕುಮಾರಧಾರೆ ಸೇರುತ್ತಾಳೆ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಜನ ಸ್ನಾನ ಮಾಡುವುದನ್ನು ನೋಡುತ್ತಾಳೆ. ಉಪ್ಪಿನಂಗಡಿಯಲ್ಲಿ ನೇತ್ರಾವತಿ ಜೊತೆಯಾಗುತ್ತಾಳೆ. ಮಂಗಳೂರು ಬಂತು ಅನ್ನುವಷ್ಟರಲ್ಲಿ ನೀರು ಉಪ್ಪಾಗುತ್ತದೆ. ಅವಳ ಕಥೆ ಮುಗಿಯಿತು.

ತಂಗಿಯದ್ದು ಉದ್ದದ ಕಥೆ. ಹೇಮಾವತಿ ಸೇರಿ ಗೊರೂರು ಅಣೆಕಟ್ಟಿನಲ್ಲಿ ನಿಲ್ಲುತ್ತಾಳೆ. ಗೇಟು ತೆರೆದರೆ ಮುಂದೆ ಕೆಆರ್‌ಎಸ್. ಅಲ್ಲಿ ತಲಕಾವೇರಿಯಿಂದ ಬಂದ ಹನಿಗಳು ಸಿಗುತ್ತವೆ. ಶ್ರೀರಂಗಪಟ್ಟಣವನ್ನು ಸುತ್ತಿ, ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿ, ಶಿವನಸಮುದ್ರದಲ್ಲಿ ದುಮುಕುತ್ತಾಳೆ. 1902ರಲ್ಲಿ ಇಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು. ಮೇಕೆದಾಟು, ಹೊಗೆನಕಲ್ ದಾಟಿ ತಮಿಳುನಾಡಿನ ಗದ್ದೆಗಳನ್ನು ಕಂಡು, ಪೂಂಪುಹಾರ್ ಹತ್ತಿರ ಸಮುದ್ರ. ತಲಕಾವೇರಿಯಿಂದ ಲೆಕ್ಕ ಹಾಕಿದರೆ ಕಾವೇರಿಯ ಉದ್ದ ಸುಮಾರು 800 ಕಿ.ಮೀ.

ಒಂದೇ ಎಲೆಯಿಂದ ಹೊರಟವರ ದಾರಿ ಇಷ್ಟು ಬೇರೆ ಯಾಕಾಯಿತು? ಹೆಂಚಿನ ಮನೆ ನೋಡಿದ ಮಗುವಿಗೆ ಇದನ್ನು ವಿವರಿಸುವುದು ಸುಲಭ. ಮಾಡಿನ ನೆತ್ತಿಯ ಮೇಲೆ ಬಿದ್ದ ಮಳೆ ಅರ್ಧ ಅಂಗಳಕ್ಕೆ ಸುರಿಯುತ್ತದೆ, ಅರ್ಧ ಹಿತ್ತಲಿಗೆ. ಪಶ್ಚಿಮ ಘಟ್ಟ ಅಂಥದ್ದೇ ಮಾಡು. ಆದರೆ ಎರಡೂ ಇಳಿಜಾರು ಒಂದೇ ಥರ ಇಲ್ಲ. ಕರಾವಳಿ ಕಡೆಯದ್ದು ಕಡಿದು, ಗಿಡ್ಡ. ಬಯಲುಸೀಮೆ ಕಡೆಯದ್ದು ನಿಧಾನ, ಬಲು ಉದ್ದ. ಅಕ್ಕ ಬೇಗ ತಲುಪಿದ್ದು, ತಂಗಿ ಊರೂರು ಸುತ್ತಿದ್ದು ಅದಕ್ಕೇ. ಹೀಗೆ ಒಂದೊಂದು ಹೊಳೆಗೂ ಬಂದು ಸೇರುವ ನೀರಿನ ಅಂಗಳ ಇರುತ್ತದಲ್ಲ, ಅದನ್ನು ದೊಡ್ಡ ತರಗತಿಯ ಪುಸ್ತಕಗಳು ಜಲಾನಯನ ಪ್ರದೇಶ ಅನ್ನುತ್ತವೆ. ನಾಲ್ಕನೇ ಕ್ಲಾಸಿಗೆ ಆ ಪದ ಬೇಡ. ಅಂಗಳ, ಹಿತ್ತಿಲು ಸಾಕು.

'ಆಮೇಲೆ' ಕಥೆ, 'ಅದಕ್ಕೇ' ಕಥೆ

ಸಣ್ಣ ಮಕ್ಕಳ ಕಥೆ 'ಆಮೇಲೆ'ಯಿಂದ ನಡೆಯುತ್ತದೆ. ರಾಜ ಬಂದ, ಆಮೇಲೆ ಹುಲಿ ಬಂತು, ಆಮೇಲೆ ಎಲ್ಲರೂ ಐಸ್‌ಕ್ರೀಂ ತಿಂದರು. ಕೇಳೋಕೆ ಮಜಾ. ಆದರೆ ಹುಲಿಯನ್ನು ತೆಗೆದರೂ ಕಥೆ ನಿಲ್ಲುವುದಿಲ್ಲ, ಯಾಕೆಂದರೆ ಒಂದಕ್ಕೊಂದು ಗಂಟು ಬಿದ್ದಿಲ್ಲ.

ಮೂರು, ನಾಲ್ಕನೇ ತರಗತಿಯ ಹೊತ್ತಿಗೆ ಶಿಕ್ಷಕರು ಕಲಿಸಲು ನೋಡುವುದು 'ಅದಕ್ಕೇ'. ಯಾರು, ಎಲ್ಲಿ, ಏನು ಬೇಕಾಗಿತ್ತು, ಏನು ಅಡ್ಡ ಬಂತು, ಅದಕ್ಕೇ ಏನು ಮಾಡಿದರು? ಕಥೆಯ ಎಲುಬು ಇಷ್ಟೇ. ಮಜಾ ಏನೆಂದರೆ, ಭೂಗೋಳದ ಎಲುಬೂ ಇದೇ. ಎಲ್ಲಿದೆ, ಅಲ್ಲೇ ಯಾಕಿದೆ, ಅದರಿಂದ ಏನಾಯಿತು?

ಒಂದು ಉದಾಹರಣೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಈ ಅಂಕಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಸಂಜೆ ಮರೆಯುತ್ತದೆ. ಬಿದ್ದ ನೀರೆಲ್ಲ ಹರಿಯದೆ, ಇಂಗದೆ ಅಲ್ಲೇ ನಿಂತಿದ್ದರೆ ಅಂತ ಯೋಚಿಸಿ. ಆಗುಂಬೆಯಲ್ಲಿ ಎರಡಂತಸ್ತಿನ ಮನೆ ಮುಳುಗುತ್ತದೆ, ಚಳ್ಳಕೆರೆಯಲ್ಲಿ ಮಗುವಿನ ತೊಡೆಯವರೆಗೆ ಬರುತ್ತದೆ. ಈಗ ಮೋಡವನ್ನು ಕಥೆಯ ಪಾತ್ರ ಮಾಡಿ. ಅರಬ್ಬಿ ಸಮುದ್ರದಿಂದ ನೀರಿನ ಮೂಟೆ ಹೊತ್ತು ಬಂತು. ಘಟ್ಟ ಅಡ್ಡ ನಿಂತಿತು. ಅದಕ್ಕೇ ಮೋಡ ಮೇಲೆ ಹತ್ತಬೇಕಾಯಿತು. ಮೇಲೆ ಥಂಡಿ. ಅದಕ್ಕೇ ಆವಿ ಹನಿಯಾಯಿತು. ಅದಕ್ಕೇ ಮೂಟೆಯನ್ನು ಅಲ್ಲೇ ಇಳಿಸಿತು. ಘಟ್ಟ ದಾಟಿ ಚಳ್ಳಕೆರೆಗೆ ಬರುವ ಹೊತ್ತಿಗೆ ಮೂಟೆ ಖಾಲಿ. ಮಳೆ ನೆರಳು ಅಂತ ಭೂಗೋಳದಲ್ಲಿ ಕರೆಯುವುದು ಇದನ್ನೇ. ಬೆಟ್ಟದ ಆ ಕಡೆ ಬಿಸಿಲಿಗೆ ನೆರಳು ಬೀಳುವ ಹಾಗೆ ಮಳೆಗೂ ಒಂದು ನೆರಳು.

ಮೂರು 'ಅದಕ್ಕೇ' ಬಂದವು ನೋಡಿ. ಕಥೆಯೂ ಆಯಿತು, ಪಾಠವೂ ಆಯಿತು.

ಮ್ಯಾಪ್ ಅಂದರೆ ಮೇಲಿಂದ ನೋಡೋದು

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದೆ ಮೂರು ಬೆಟ್ಟಗಳ ಮಾದರಿ ಇಟ್ಟು, ಬೇರೆ ಬದಿಯಲ್ಲಿ ಒಂದು ಗೊಂಬೆ ಕೂರಿಸುತ್ತಿದ್ದರು. "ಆ ಗೊಂಬೆಗೆ ಏನು ಕಾಣುತ್ತೆ?" ಅಂತ ಕೇಳಿದರೆ ನಾಲ್ಕೈದು ವರ್ಷದ ಮಕ್ಕಳು ತಮಗೆ ಕಾಣುವುದನ್ನೇ ತೋರಿಸುತ್ತಿದ್ದರು. ಏಳೆಂಟು ವರ್ಷದ ಹೊತ್ತಿಗೆ ಇದು ಬದಲಾಗುತ್ತದೆ. ನಾನಿಲ್ಲದ ಜಾಗದಿಂದ ನೋಡುವುದು ಮಗುವಿಗೆ ಮೆಲ್ಲಗೆ ಬರುತ್ತದೆ.

ಈ ಹೋಂವರ್ಕಿನ ಗುಟ್ಟು ಇಲ್ಲೇ ಇರುವುದು. ಹನಿಯ ಬಾಯಿಂದ ಕಥೆ ಹೇಳುವಾಗ ಮಗು ಹನಿಯ ಜಾಗದಲ್ಲಿ ನಿಲ್ಲಬೇಕು. ಮ್ಯಾಪ್ ಹಾಕುವಾಗ ಹದ್ದಿನ ಜಾಗದಲ್ಲಿ ನಿಲ್ಲಬೇಕು. ಎರಡೂ ಒಂದೇ ಅಭ್ಯಾಸ.

ಅದಕ್ಕೇ ಮಕ್ಕಳ ಮೊದಲ ಮ್ಯಾಪು ಭಾರತದ್ದಾಗಿರುವುದಿಲ್ಲ. ತಟ್ಟೆ ಲೋಟವನ್ನು ಮೇಲಿಂದ ನೋಡಿ ಬರೆಯುವುದು, ಆಮೇಲೆ ಕ್ಲಾಸ್‌ರೂಮು, ಶಾಲೆ, ಬೀದಿ, ಊರು. ಶುರುವಿನಲ್ಲಿ ಮಕ್ಕಳು ಬೀದಿಯನ್ನು ಮೇಲಿಂದ ಬರೆದು ಮನೆಗಳನ್ನು ಮಾತ್ರ ಮಲಗಿಸಿಬಿಡುತ್ತಾರೆ, ಬಾಗಿಲು ಕಿಟಕಿ ಸಮೇತ. ಅದು ದಡ್ಡತನವಲ್ಲ, ದಾರಿಯ ಮಧ್ಯೆ ಇದ್ದಾರೆ ಅಂತ ಅಷ್ಟೇ.

ಮ್ಯಾಪಿಗೆ ಮೂರು ಸಂಗತಿ ಬೇಕು: ಅಳತೆ, ದಿಕ್ಕು, ಗುರುತು. ಅಳತೆಯನ್ನು ಅರ್ಥ ಮಾಡಿಸಲು ನನಗೆ ರಂಗೋಲಿಗಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಹಬ್ಬದ ಹಿಂದಿನ ರಾತ್ರಿ ಅಮ್ಮ ನೋಟ್‌ಬುಕ್ಕಿನಲ್ಲಿ ಚುಕ್ಕಿ ಇಟ್ಟು ರಂಗೋಲಿ ಹಾಕಿ ನೋಡುತ್ತಾರೆ. ಬೆಳಗ್ಗೆ ಅದೇ ರಂಗೋಲಿ ಬಾಗಿಲ ಮುಂದೆ ದೊಡ್ಡದಾಗಿ ಮೂಡುತ್ತದೆ. ಚುಕ್ಕಿಗಳ ಲೆಕ್ಕ ಬದಲಾಗಿಲ್ಲ, ನಡುವಿನ ಜಾಗ ಮಾತ್ರ ಬದಲಾಗಿದೆ. ಪುಸ್ತಕದಲ್ಲಿ ಅರ್ಧ ಬೆರಳಿದ್ದದ್ದು ಅಂಗಳದಲ್ಲಿ ನಾಲ್ಕು ಬೆರಳಾಗಿದೆ. ಮ್ಯಾಪ್ ಇದರ ಉಲ್ಟಾ. ಅಂಗಳದಿಂದ ನೋಟ್‌ಬುಕ್ಕಿಗೆ ಬರುವುದು. ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಕುಗ್ಗಿಸಬೇಕು, ಇಷ್ಟವಾದ ಮನೆಯನ್ನು ಮಾತ್ರ ದೊಡ್ಡದು ಮಾಡುವ ಹಾಗಿಲ್ಲ.

ದಿಕ್ಕಿಗೆ ನಮ್ಮ ಊರ ಹೆಸರುಗಳೇ ಸಾಕು. ಸೂರ್ಯ ಮೂಡುವ ಕಡೆ ಮೂಡು, ಪಡುವ ಅಂದರೆ ಮುಳುಗುವ ಕಡೆ ಪಡು. ಮೂಡುಬಿದಿರೆ, ಪಡುಬಿದ್ರಿ ಎರಡರಲ್ಲೂ ಬಿದಿರಿದೆ, ದಿಕ್ಕು ಮಾತ್ರ ಬೇರೆ. ಉಡುಪಿ ಹತ್ತಿರ ತೆಂಕನಿಡಿಯೂರು ಇದೆ, ಬಡಾನಿಡಿಯೂರೂ ಇದೆ. ತೆಂಕ ಅಂದರೆ ದಕ್ಷಿಣ, ಬಡಗ ಅಂದರೆ ಉತ್ತರ. ಊರಿನ ಹೆಸರೇ ಬಾಣದ ಗುರುತು! ಇನ್ನು ಗುರುತುಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಾವಿಗೊಂದು ಸೊನ್ನೆ, ಮರಕ್ಕೊಂದು ಚಿತ್ರ. ಮಕ್ಕಳು ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಕಥೆ ಎಡವಿದ ಕಡೆ ಭೂಗೋಳ ಇರುತ್ತದೆ

ಬೆಂಗಳೂರಿನ ಮಗು ಹೀಗೆ ಬರೆಯಿತು ಅಂದುಕೊಳ್ಳಿ: "ಹನಿಗೆ ಬೆಂಗಳೂರು ನೋಡುವ ಆಸೆಯಾಯಿತು. ಅದು ಕಾವೇರಿಯಿಂದ ಹರಿದು ನಮ್ಮ ನಲ್ಲಿಗೆ ಬಂತು."

ಕನ್ನಡದಲ್ಲಿ ತಪ್ಪಿಲ್ಲ. ಕಾಗುಣಿತವೂ ಸರಿ. ಆದರೆ 'ಹರಿದು' ಅನ್ನುವ ಕಡೆ ಕಥೆ ಎಡವಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸು ಎತ್ತರದಲ್ಲಿದೆ. ಕಾವೇರಿ ನೀರು ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿ.ಮೀ. ದೂರ, ಅದೂ ತಗ್ಗಿನಿಂದ. ನೀರು ತಾನಾಗಿ ಹತ್ತು ಮೆಟ್ಟಿಲೂ ಹತ್ತುವುದಿಲ್ಲ, ಇಲ್ಲಿ ಅದನ್ನು ಸುಮಾರು 500 ಮೀಟರ್ ಮೇಲೆತ್ತಬೇಕು. ಪಂಪುಗಳು ಮೂರು ಹಂತದಲ್ಲಿ ಅದನ್ನು ತಳ್ಳುತ್ತವೆ. ಅಂದರೆ ಈ ಕಥೆಯಲ್ಲಿ ಒಂದು ಪಾತ್ರ ಬಿಟ್ಟುಹೋಗಿದೆ: ಪಂಪು. ಪಂಪಿನ ಹಿಂದೆ ಕರೆಂಟು, ಕರೆಂಟಿನ ಹಿಂದೆ ಬಿಲ್ಲು.

ಒಳ್ಳೆಯ ಶಿಕ್ಷಕರು ಇಂಥ ಕಡೆ ಕೆಂಪು ಇಂಕಿನಲ್ಲಿ 'ತಪ್ಪು' ಅಂತ ಬರೆಯುವುದಿಲ್ಲ. "ಹೇಗೆ ಹತ್ತಿತು?" ಅಂತ ಬರೆಯುತ್ತಾರೆ. ಮಗು ಮಾರನೇ ದಿನ ಪಂಪು ಸೇರಿಸಿ ಬರುತ್ತದೆ.

ಹಾಗಾದರೆ ಬೆಂಗಳೂರಿನಲ್ಲೇ ಬಿದ್ದ ಮಳೆ ಎಲ್ಲಿ ಹೋಗುತ್ತದೆ? ಈ ನಗರವೂ ಏಣಿನ ಮೇಲೆ ಕೂತಿದೆ. ಬಸವನಗುಡಿಯ ದೊಡ್ಡ ಬಸವನ ಹತ್ತಿರ ಹುಟ್ಟುವ ವೃಷಭಾವತಿ ಅರ್ಕಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ನಗರದ ಇನ್ನೊಂದು ಇಳಿಜಾರಿನ ನೀರು ಬೆಳ್ಳಂದೂರು, ವರ್ತೂರು ಕೆರೆ ಹಾದು ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಧಾರವಾಡದಲ್ಲೂ ಇಂಥದ್ದೇ ಆಟ ಇದೆ. ಅಲ್ಲಿನ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಪಶ್ಚಿಮಕ್ಕೆ ತಿರುಗಿ ಅರಬ್ಬಿ ಸಮುದ್ರದ ದಾರಿ ಹಿಡಿಯುತ್ತದೆ. ಪಕ್ಕದ ಹುಬ್ಬಳ್ಳಿ ತಾಲ್ಲೂಕು ಹಾದು ಹೋಗುವ ಬೆಣ್ಣೆಹಳ್ಳ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ. ಅವಳಿ ನಗರ ಅನ್ನುತ್ತೇವೆ, ನೀರಿನ ದಾರಿ ನೋಡಿದರೆ ಅಷ್ಟೇನೂ ಅವಳಿ ಅಲ್ಲ.

ನಮ್ಮೂರಲ್ಲಿ ಹೊಳೆಯೇ ಇಲ್ಲವಲ್ಲ?

ಕೋಲಾರ, ತುಮಕೂರು ಕಡೆಯ ಅಪ್ಪ ಅಮ್ಮಂದಿರಿಗೆ ಈ ಪ್ರಶ್ನೆ ಬರುತ್ತದೆ. ಹೊಳೆ ಇಲ್ಲದಿದ್ದರೆ ಕೆರೆ ಇದೆ, ಮತ್ತು ಕೆರೆಯ ಕಥೆ ಇನ್ನೂ ಚೆಂದ. ಯಾಕೆಂದರೆ ಅದನ್ನು ಕಟ್ಟಿದ್ದು ಮನುಷ್ಯರು. ತಗ್ಗಿನ ಕಡೆ ಅಡ್ಡಲಾಗಿ ಹಾಕಿದ ಮಣ್ಣಿನ ಒಡ್ಡು ಏರಿ. ಗದ್ದೆಗೆ ನೀರು ಬಿಡುವ ಬಾಗಿಲು ತೂಬು. ತುಂಬಿದಾಗ ಹೆಚ್ಚಿನ ನೀರು ಹೊರಹೋಗುವ ದಾರಿ ಕೋಡಿ. ಯಾರ ಗದ್ದೆಗೆ ಎಷ್ಟು ನೀರು ಅಂತ ನೋಡಿಕೊಳ್ಳುವವನು ನೀರುಗಂಟಿ. ಒಂದು ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಮಿಕ್ಕಿದ್ದು ಎರಡನೇ ಪಂಕ್ತಿಗೆ ಬಂದ ಹಾಗೆ.

ಅಪಾರ್ಟ್‌ಮೆಂಟಿನ ಮಗುವಿಗೆ ಇದು ಕಾಣಲಿಕ್ಕಿಲ್ಲ. ಅಲ್ಲೂ ಊರ ಹೆಸರು ಕೈಹಿಡಿಯುತ್ತದೆ. ಬೊಮ್ಮಸಂದ್ರ, ಜಕ್ಕಸಂದ್ರ, ಸಿಂಗಸಂದ್ರ ಇವುಗಳ 'ಸಂದ್ರ' ಸಮುದ್ರದ ಸವೆದ ರೂಪ. ದೊಡ್ಡ ಕೆರೆಗೆ ಹಳಬರು ಸಮುದ್ರ ಅನ್ನುತ್ತಿದ್ದರು. "ನಮ್ಮ ಬಸ್‌ಸ್ಟಾಪಿನ ಹೆಸರಲ್ಲಿ ಸಮುದ್ರ ಇದೆ, ನೀರೆಲ್ಲಿ ಹೋಯ್ತು?" ಇಷ್ಟು ಸಾಕು ಒಂದು ಕಥೆ ಶುರುವಾಗೋಕೆ.

ಕಾಳಜಿ ಎಲ್ಲಿಂದ ಬರುತ್ತದೆ

1991ರಲ್ಲಿ ಎಂ.ಸಿ. ಮೆಹ್ತಾ ಅವರು ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು, ಶಾಲೆಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕು ಅಂತ ಹೇಳಿತು. ಹೀಗೆ ಪಾಠವಂತೂ ಬಂತು. ಪಾಠದ ಜೊತೆ ಘೋಷಣೆಗಳೂ ಬಂದವು. "ಹಸಿರೇ ಉಸಿರು" ಅಂತ ಚಾರ್ಟು ಬರೆದು, ಉಳಿದ ಥರ್ಮೋಕೋಲನ್ನು ಚರಂಡಿಗೆ ಎಸೆದು ಬರುವ ದೃಶ್ಯ ಯಾವ ಶಾಲೆಗೂ ಹೊಸದಲ್ಲ.

ಹನಿಯ ಕಥೆಯಲ್ಲಿ ಕಾಳಜಿ ಬೇರೆ ದಾರಿಯಿಂದ ಬರುತ್ತದೆ. ಕಥೆಗೆ ಅಡ್ಡಿ ಬೇಕಲ್ಲ, ಹನಿಗೆ ಯಾರು ತೊಂದರೆ ಕೊಟ್ಟರು? ರಾಜಕಾಲುವೆಯಲ್ಲಿ ಪ್ಲಾಸ್ಟಿಕ್ ಕವರು ಕಟ್ಟಿಕೊಂಡಿತು. ಕೆರೆಗೆ ಬಂದರೆ ಹೂಳು ತುಂಬಿ ಜಾಗವೇ ಇಲ್ಲ. ಬೆಳ್ಳಂದೂರಿಗೆ ಬಂದ ಹನಿಯಾದರೆ ನೊರೆ. 2017ರಲ್ಲಿ ಆ ಕೆರೆಯಲ್ಲಿ ಬೆಂಕಿಯೂ ಕಾಣಿಸಿತು. "ನೀರಿಗೆ ಬೆಂಕಿ ಹೇಗೆ ಹತ್ತುತ್ತೆ?" ಅಂತ ಮಗು ಕೇಳಿದರೆ ದೊಡ್ಡವರೂ ತಬ್ಬಿಬ್ಬು. ನೊರೆಯ ಕಥೆ ಹೇಳುವುದು ಅದಕ್ಕಿಂತ ಸುಲಭ. ಬಟ್ಟೆ, ಪಾತ್ರೆ ತೊಳೆದ ಸೋಪಿನ ನೀರು, ಶೌಚದ ನೀರು ಶುದ್ಧವಾಗದೆ ಕೆರೆಗೆ ಸೇರಿ, ಕೋಡಿಯಲ್ಲಿ ರಭಸವಾಗಿ ಬಿದ್ದಾಗ ಬಕೆಟ್ಟಿನಲ್ಲಿ ಸೋಪುಡಿ ಕದಡಿದ ಹಾಗೆ ನೊರೆ ಏಳುತ್ತದೆ. ಆ ಬಕೆಟ್ಟು ನಮ್ಮ ಮನೆಯದ್ದೂ ಆಗಿರಬಹುದು ಅನ್ನುವುದು ಮಗುವಿಗೆ ತಾನೇ ಹೊಳೆಯುತ್ತದೆ.

ಇದರ ಜೊತೆ ಅಳೆಯುವ ಕೆಲಸ ಒಂದು ಕೊಡುತ್ತಾರೆ. ಸೋರುವ ನಲ್ಲಿಯ ಕೆಳಗೆ ಲೋಟ ಇಡಿ. ಸೆಕೆಂಡಿಗೆ ಒಂದು ಹನಿ, 20 ಹನಿಗೆ 1 ಮಿ.ಲೀ. ಅಂದುಕೊಂಡರೆ ದಿನಕ್ಕೆ 86,400 ಹನಿ, ಅಂದರೆ ನಾಲ್ಕು ಲೀಟರಿಗೂ ಮೇಲೆ. "ನೀರು ಉಳಿಸಿ" ಅಂತ ಹತ್ತು ಸಲ ಬರೆಸಿದರೂ ಕೇಳದ ಮಗು ಇದಾದ ಮೇಲೆ ಪ್ಲಂಬರ್‌ಗೆ ಫೋನ್ ಮಾಡಿ ಅಂತ ಅಪ್ಪನ ಬೆನ್ನು ಹತ್ತುತ್ತದೆ.

ಮನೆಯಲ್ಲಿ ಎಷ್ಟು ಸಹಾಯ ಮಾಡಬಹುದು?

ಬರೆದುಕೊಡಬೇಡಿ, ಕೇಳಿ. "ಹನಿ ಮೊದಲು ಎಲ್ಲಿ ಬಿತ್ತು? ಯಾವ ಕಡೆ ಇಳಿಜಾರು? ದಾರಿಯಲ್ಲಿ ಯಾರು ಸಿಕ್ಕರು?" ಮಳೆ ಬರುವಾಗ ಛತ್ರಿ ಹಿಡಿದು ಐದು ನಿಮಿಷ ಬೀದಿಯಲ್ಲಿ ನಿಂತರೆ ಇಳಿಜಾರು ಯಾವ ಕಡೆ ಅಂತ ನೀರೇ ತೋರಿಸುತ್ತದೆ. ಅಜ್ಜ ಅಜ್ಜಿ ಇದ್ದರೆ ಅರ್ಧ ಕಥೆ ಅವರ ಹತ್ತಿರವೇ ಇರುತ್ತದೆ, ಕೆರೆ ಎಲ್ಲಿತ್ತು, ಕೋಡಿ ಯಾವ ವರ್ಷ ಬಿತ್ತು ಅಂತ.

ಕೊನೆಯಲ್ಲಿ "ಆದ್ದರಿಂದ ನಾವು ನೀರನ್ನು ಉಳಿಸಬೇಕು" ಅಂತ ಒಂದು ನೀತಿ ಅಂಟಿಸಬೇಕಾ ಅಂತ ಹಲವರು ಕೇಳುತ್ತಾರೆ. ಬೇಕಿಲ್ಲ. ಹನಿಗೆ ಏನಾಯಿತು ಅನ್ನುವುದು ಗೊತ್ತಾದರೆ ಸಾಕು.

ಇನ್ನು ನೋಟ್‌ಬುಕ್ಕಿನ ಪ್ರಶ್ನೆ. ಕಥೆ, ಮ್ಯಾಪು ಎರಡನ್ನೂ ಒಂದೇ ಬಿಳಿ ಹಾಳೆಯಲ್ಲಿ ಮಾಡಿ ಇವಿಎಸ್ ಪುಸ್ತಕದಲ್ಲಿಟ್ಟರೆ ಆಯಿತು. ಮ್ಯಾಪಿನಲ್ಲಿ ನಿಮ್ಮ ಬೀದಿಯ ಮೋರಿ ತಿರುವಿನಾಚೆ ಎಲ್ಲಿ ಹೋಗುತ್ತದೆ ಅಂತ ತಿಳಿಯದೆ ಮಗು ಅಲ್ಲೊಂದು ಪ್ರಶ್ನೆಚಿಹ್ನೆ ಹಾಕಿದ್ದರೆ ಅದನ್ನು ಅಳಿಸಬೇಡಿ. ಮಳೆ ನಿಂತ ಭಾನುವಾರ ಮಗುವಿನ ಜೊತೆ ಆ ತಿರುವಿನವರೆಗೆ ನಡೆದು ಹೋಗಿ, ಬಗ್ಗಿ ನೋಡಿ ಬನ್ನಿ.